ಕೌದಿಯ ಗಂಟು ಹೊತ್ತು ಮುಂಡಗೋಡಕ್ಕೆ, ಅಲ್ಲಿಂದ ಖಾನಾಪುರದ ಕಾಡಂಚಿಗೆ

ದೀಪಾವಳಿ ಮುಗಿಯುತ್ತಲೇ ನಮ್ಮ ಬಾಗಲಕೋಟೆಯ ನವನಗರದ ರಸ್ತೆ ಬದಿಗೆ ತಾಡಪತ್ರಿ ಕಟ್ಟಿ ಸ್ವೆಟರ್ ಮಾರಲು ಕೂಡುವ ಟಿಬೆಟನ್ನರು ಈಗ ಊರಿಗೆ ಹೊಸಬರಲ್ಲ. ಲೂಧಿಯಾನದಿಂದ ಉದ್ದರಿ ತಂದ ಮಾಲನ್ನು ಸಂಕ್ರಮಣದವರೆಗೆ ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ವರ್ಷ ಕಳೆಯುವ ಕುಟುಂಬಗಳು ಅವು. ಮೊಮ್ಮಗನಿಗೆ ಟೊಪ್ಪಿಗೆ ಕೊಳ್ಳಲು ಹೋದ ದಿನ ಅಂಗಡಿಯ ಹೆಣ್ಣುಮಗಳು ನನ್ನ ಊರು ಯಾವುದೆಂದು ಕೇಳಿದರು. ಹಳೆಯ ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ್ದನ್ನೂ, ನಮಗೆ ಇಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಸಿಕ್ಕಿದ್ದನ್ನೂ ಹೇಳಿದೆ. "ನಮಗೂ ಕ್ಯಾಂಪ್ ನಂಬರೇ ಊರಿನ ಹೆಸರ್ರೀ ಅಕ್ಕೋರ" ಎಂದರು ಅವರು. ಹುಟ್ಟಿದ್ದು ಮುಂಡಗೋಡದ ಮೂರನೆಯ ಕ್ಯಾಂಪಿನಲ್ಲಿ, ಟಿಬೆಟ್ಟನ್ನು ಕಂಡಿಲ್ಲ.

ಅವರ ಮೇಜಿನ ಮೇಲೊಂದು ತಗಡಿನ ಡಬ್ಬಿ ಇತ್ತು. ಪ್ರತಿದಿನದ ಬೋಣಿಗೆಯ ದುಡ್ಡು ಗಲ್ಲೆಗೆ ಹೋಗದೆ ಆ ಡಬ್ಬಿಗೆ ಬೀಳುತ್ತಿತ್ತು. ಅದು ತಮ್ಮ ವಸಾಹತಿನ ವೃದ್ಧಾಶ್ರಮಕ್ಕೂ, ಮಠದವರು ಹಳ್ಳಿಗಳಿಗೆ ಒಯ್ಯುವ ಔಷಧಿಗೂ ಸೇರುವುದೆಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮ ಓಣಿಯ ಹೆಣ್ಣುಮಕ್ಕಳ ಮುಂದೆ ಅದನ್ನು ಆಡಿದಾಗ ಯಾರೂ ಚಂದಾ ಎತ್ತುವ ಮಾತು ತೆಗೆಯಲಿಲ್ಲ. ಹಳೆಯ ಸೀರೆಗಳನ್ನು ತಂದು ನನ್ನ ಪಡಸಾಲೆಯಲ್ಲಿ ಹರಡಿದರು. ಎಳ್ಳಮಾಸಿಯ ಹೊತ್ತಿಗೆ ಹದಿನಾಲ್ಕು ಕೌದಿಗಳು ಸಿದ್ಧವಾದವು. ಅವುಗಳನ್ನು ಒಯ್ಯುವ ಕೆಲಸ ನನಗೂ ನನ್ನ ನೆಗೆಣ್ಣಿಗೂ ಬಂತು.

ಮೊದಲ ದಿನ

ಬೆಳಗಿನ ಬಸ್ಸು ಕೆರೂರು, ಕುಳಗೇರಿ ಕ್ರಾಸ್ ದಾಟಿ ನರಗುಂದದ ಕಡೆಗೆ ಹೊರಳುವಾಗ ಎರೆಭೂಮಿಯ ಮೇಲೆ ಇನ್ನೂ ಮಂಜು ಇತ್ತು. ಹಿಂಗಾರಿ ಜೋಳ ಹಾಲುದೆನೆಗೆ ಬಂದಿತ್ತು. ಅದರ ನಡುವೆ ಅಕ್ಕಡಿಯಾಗಿ ಹಾಕಿದ ಕುಸುಬಿಯ ಸಾಲು, ಮುಂದೆ ಕಣ್ಣು ಹಾಯುವಷ್ಟು ದೂರ ಕಡಲೆಯ ಹಸಿರು. ನವಲಗುಂದದಲ್ಲಿ ಬಸ್ಸು ನಿಂತಾಗ ಕಟ್ಟಿಕೊಂಡು ಹೋಗಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಪಕ್ಕದ ಸೀಟಿನ ರೈತರೊಬ್ಬರು ಗಂಟುಗಳನ್ನು ನೋಡಿ ಮದುವೆಯ ಸಾಮಾನೇ ಎಂದು ಕೇಳಿ, ವಿಷಯ ತಿಳಿದ ಮೇಲೆ ತಮ್ಮ ಹೊಲದ ಹಸಿ ಕಡಲೆಯ ಒಂದು ಹಿಡಿ ಗಿಡವನ್ನು ನಮ್ಮ ಮಡಿಲಿಗೆ ಹಾಕಿದರು.

ಹುಬ್ಬಳ್ಳಿಯಲ್ಲಿ ಎಡವಟ್ಟಾಯಿತು. ಮೂರು ಗಂಟುಗಳಲ್ಲಿ ಎರಡನ್ನು ಇಳಿಸಿಕೊಂಡು, ಚಾಲಕರ ಹಿಂದಿನ ಜಾಗದಲ್ಲಿ ಇಟ್ಟಿದ್ದ ಮೂರನೆಯದನ್ನು ಮರೆತೆವು. ನೆನಪಾಗುವಷ್ಟರಲ್ಲಿ ಬಸ್ಸು ಹೋಗಿತ್ತು. ನೆಗೆಣ್ಣಿಯ ಕಣ್ಣಲ್ಲಿ ನೀರು ಬಂತು. ಆ ಗಂಟಿನಲ್ಲಿ ನನ್ನ ತಾಯಿಯ ಸೀರೆ ಕೂಡಿಸಿ ಹೊಲಿದ ಕೌದಿ ಇದ್ದದ್ದು ಆಕೆಗೆ ಗೊತ್ತಿತ್ತು. ಒಂದೂವರೆ ತಾಸು ಅಲ್ಲಿ ಇಲ್ಲಿ ಕೇಳಿ ಅಲೆದ ಮೇಲೆ, ಕಂಡಕ್ಟರ್ ಅದನ್ನು ವಿಚಾರಣೆಯ ಕೊಠಡಿಯಲ್ಲಿ ಒಪ್ಪಿಸಿ ಹೋಗಿರುವುದು ತಿಳಿಯಿತು. ಗಂಟಿನ ಮೇಲೆ ಹೆಸರು, ಊರು, ಫೋನ್ ನಂಬರು ಬರೆದ ಬಟ್ಟೆಯ ತುಂಡನ್ನು ಹೊಲಿದಿದ್ದರೆ ಆ ಅಲೆದಾಟ ತಪ್ಪುತ್ತಿತ್ತು. ಹೀಗೆ ಸಾಮಾನು ಒಯ್ಯುವವರು ಇಷ್ಟು ಮಾಡಿಕೊಳ್ಳಬೇಕು.

ತಡಸ ದಾಟಿದ ಮೇಲೆ ಮಣ್ಣಿನ ಬಣ್ಣ ಕೆಂಪಾಯಿತು, ಜೋಳ ಹೋಗಿ ಭತ್ತದ ಕೂಳೆಗಳೂ ಸಾಗವಾನಿಯ ತೋಪುಗಳೂ ಬಂದವು. ಮುಂಡಗೋಡದಿಂದ ಟಂಟಂ ಹಿಡಿದು ನಾಲ್ಕೈದು ಕಿಲೋಮೀಟರ್ ಹೋದರೆ ಗದ್ದೆಗಳ ನಡುವಿನಿಂದ ಮಠಗಳ ಹೊಂಬಣ್ಣದ ಮಾಡುಗಳು ಏಳುತ್ತವೆ. ಸುತ್ತಲಿನವರು ಇದನ್ನು ಲಾಮಾ ಕ್ಯಾಂಪ್ ಎನ್ನುತ್ತಾರೆ. ವಸಾಹತಿನ ಹೆಸರು ದೊಗುಲಿಂಗ್. ಒಂಬತ್ತು ಕ್ಯಾಂಪುಗಳು ಮಂದಿಯ ವಾಸಕ್ಕೆ, ಅವುಗಳಲ್ಲದೆ ಗಾದೆನ್ ಮತ್ತು ದ್ರೆಪುಂಗ್ ಮಠಗಳ ಎರಡು ಲಾಮಾ ಕ್ಯಾಂಪುಗಳು. ವಿದೇಶಿಯರು ಇಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರಕಾರದ ಪರವಾನಗಿ ಬೇಕು. ನಮಗೆ ಮಠದ ಅತಿಥಿಗೃಹದಲ್ಲಿ ಗುರುತಿನ ಚೀಟಿ ತೋರಿಸಿದರೆ ಸಾಕಾಯಿತು. ಕತ್ತಲಾದ ಮೇಲೆ ಅಂಗಡಿಗಳು ಬೇಗ ಬಾಗಿಲು ಹಾಕುವುದರಿಂದ ಮೊದಲು ಊಟ ಮುಗಿಸಿದೆವು. ತರಕಾರಿ ಹಾಕಿದ ಥುಕ್ಪಾ ಎಂಬ ಬಿಸಿ ಗಂಜಿಯಂಥ ಶಾವಿಗೆ ಸಾರನ್ನು ಬಟ್ಟಲಿನಿಂದಲೇ ಕುಡಿದು ಮಲಗಿದಾಗ, ಬಯಲುಸೀಮೆಯ ನಮಗೆ ಆ ಚಳಿಯಲ್ಲಿ ನಿದ್ದೆ ಹತ್ತಲು ಬಹಳ ಹೊತ್ತಾಯಿತು.

ಎರಡನೆಯ ದಿನ

ನಸುಕಿನಲ್ಲಿ ಎಚ್ಚರಿಸಿದ್ದು ಉದ್ದನೆಯ ಕೊಂಬಿನ ದನಿ. ನೂರಾರು ಗಂಡಸರು ಒಟ್ಟಾಗಿ ಅತಿ ತಗ್ಗಿದ ಸ್ವರದಲ್ಲಿ ಪಠಿಸುವುದನ್ನು ಗೋಡೆಯಾಚೆಯಿಂದ ಕೇಳಿದೆವು. ಚಹಾದ ಹೊತ್ತಿಗೆ ಸ್ವೆಟರಿನ ಅಕ್ಕನ ಸೋದರಮಾವ, ಅರವತ್ತು ದಾಟಿದ ಭಿಕ್ಷು, ನಮ್ಮನ್ನು ಕರೆದೊಯ್ಯಲು ಬಂದರು. ಎಲ್ಲರೂ ಅವರನ್ನು ಗೆನ್-ಲಾ ಎನ್ನುತ್ತಿದ್ದರು. ಗೆನ್ ಎಂದರೆ ಗುರು. ಕೊನೆಯ ಲಾ ನಮ್ಮ ಕಡೆಯ ‘ರೀ’ ಇದ್ದಂತೆ, ಯಾರ ಹೆಸರಿಗೂ ಅಂಟಿಸಿ ಮರ್ಯಾದೆ ಕೊಡಬಹುದು. ಅವರ ಕನ್ನಡದಲ್ಲಿ ಹುಬ್ಬಳ್ಳಿಯ ಧಾಟಿ ಇತ್ತು.

ವೃದ್ಧಾಶ್ರಮದ ದಾರಿಯುದ್ದಕ್ಕೂ ಅವರು ಹೇಳಿದ ಕಥೆಯನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. 1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಲ್ಹಾಸಾ ಬಿಟ್ಟರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಮಠಗಳ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಲಾಯಿತು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿ ಹಾಕುತ್ತಿದ್ದ ಬಂದಿಖಾನೆ. ತಣ್ಣನೆಯ, ಒಣ ಗಾಳಿಯ ನಾಡಿನಿಂದ ಬಂದವರು ಅಲ್ಲಿನ ಸೆಖೆ, ತೇವ, ಇಕ್ಕಟ್ಟಿನಲ್ಲಿ ಕ್ಷಯಕ್ಕೆ ತುತ್ತಾದರು, ಅನೇಕರು ಅಲ್ಲೇ ತೀರಿಹೋದರು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಅರಣ್ಯಭೂಮಿ ಕೊಟ್ಟಿತು. ಮಂದಿ ಡೇರೆಗಳಲ್ಲಿದ್ದು ಕಾಡು ಕಡಿದು ಗೋವಿನಜೋಳ ಬಿತ್ತಿದರು, ಆನೆಗಳು ತುಳಿದವು, ಮತ್ತೆ ಬಿತ್ತಿದರು. ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳು ಕೆಲವು ವರ್ಷಗಳ ಮೇಲೆ ಬಂದು ಅದೇ ಕೆಲಸಕ್ಕೆ ಕೈಹಚ್ಚಿದರು.

"ಆಗ ನಮಗ ಹಾಲಿನ ಪುಡಿ, ಗೋಧಿ, ಔಷಧ ಎಲ್ಲಾ ಹೊರಗಿನವರು ಕೊಟ್ಟದ್ದು. ತಗೊಂಡ ಕೈ ಹೆಂಗಿರತದ ಅಂತ ನಮಗ ಗೊತ್ತದ" ಎಂದು ತಮ್ಮ ಅಂಗೈಯನ್ನು ಮೇಲೆ ಮಾಡಿ ತೋರಿಸಿದರು. ಬೋಣಿಗೆ ಡಬ್ಬಿಯ ಮಾತು ತೆಗೆದಾಗ, ಅದೇ 1966ರಲ್ಲಿ ತೈವಾನಿನ ಭಿಕ್ಷುಣಿ ಚೆಂಗ್ ಯೆನ್ ಅವರು ಮೂವತ್ತು ಗೃಹಿಣಿಯರಿಗೆ ಬಿದಿರಿನ ಗಳುವೆಯ ಕುಡಿಕೆ ಕೊಟ್ಟು, ದಿನಾ ಸಂತೆಗೆ ಹೋಗುವ ಮುನ್ನ ಅರ್ಧ ತೈವಾನಿ ಡಾಲರಿನ ಚಿಲ್ಲರೆ ಹಾಕಿಸಿ ತ್ಸು ಚಿ ಎಂಬ ಸಂಸ್ಥೆ ಕಟ್ಟಿದ್ದನ್ನು ಹೇಳಿದರು. ತಿಂಗಳಿಗೊಮ್ಮೆ ಒಟ್ಟಿಗೆ ಕೊಟ್ಟರಾಗದೇ ಎಂದು ಕೇಳಿದವರಿಗೆ, ಕೊಡುವ ಮನಸ್ಸು ದಿನಾ ಹುಟ್ಟಬೇಕು ಎಂಬ ಉತ್ತರ ಬಂದಿತಂತೆ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಿತ್ಯ ದಾಸೋಹದ ಮಾತು ಕೇಳಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ವೃದ್ಧಾಶ್ರಮದ ಅಂಗಳದಲ್ಲಿ ಎಳೆಬಿಸಿಲಿಗೆ ಕುಳಿತವರ ಕೈಗಳಲ್ಲಿ ಜಪಮಾಲೆ, ಪ್ರಾರ್ಥನಾಚಕ್ರ. ಮಕ್ಕಳು ಕೆನಡಾಕ್ಕೋ ಅಮೆರಿಕಕ್ಕೋ ಹೋದವರು, ಮಕ್ಕಳೇ ಇಲ್ಲದವರು, ಸೈನ್ಯದಲ್ಲಿದ್ದು ಬಂದವರು. ನಾವು ಗಂಟು ಬಿಚ್ಚಿ ಕೌದಿಗಳನ್ನು ಕಟ್ಟೆಯ ಮೇಲೆ ಹರಡಿದೆವು. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಮಾಸಿದ ಧೋತರ, ಶಾಲೆಯ ಸಮವಸ್ತ್ರದ ನೀಲಿ, ನಾಲ್ಕೂ ಮೂಲೆಗೆ ತ್ರಿಕೋನದ ತೇಪೆ. ಗೆನ್-ಲಾ ಒಂದನ್ನು ಎತ್ತಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಒಬ್ಬ ಹುಡುಗನನ್ನು ಕಳಿಸಿ ತಮ್ಮ ಕೋಣೆಯಿಂದ ಪೂಜೆಯ ಹೊತ್ತಿನಲ್ಲಿ ಹೊದೆಯುವ ಹಳದಿ ಚೀವರವನ್ನು ತರಿಸಿ ಕೌದಿಯ ಪಕ್ಕದಲ್ಲಿ ಬಿಡಿಸಿದರು. ಅದೂ ಇಡಿಯಾದ ಬಟ್ಟೆಯಲ್ಲ. ಉದ್ದ ಪಟ್ಟಿ, ಗಿಡ್ಡ ಪಟ್ಟಿ, ನಡುವೆ ಬದುವಿನಂಥ ಹೊಲಿಗೆ. ಮಗಧದ ಗದ್ದೆಗಳನ್ನು ಕಂಡ ಬುದ್ಧ, ಭಿಕ್ಷುಗಳ ಚೀವರವನ್ನು ಈ ಗದ್ದೆ–ಬದುಗಳ ಹಾಗೆ ಹೊಲಿಯಲು ಆಗುವುದೇ ಎಂದು ಆನಂದನನ್ನು ಕೇಳಿದ್ದು ವಿನಯಪಿಟಕದಲ್ಲಿದೆ. ಬಿಸಾಡಿದ ಅರಿವೆಯ ಚೂರುಗಳನ್ನು ಆಯ್ದು ಹೊಲಿದ ಬಟ್ಟೆಯೇ ಮೊದಲ ಭಿಕ್ಷುಗಳ ಉಡುಗೆ. "ಇದು ನಿಮ್ಮದು, ಇದು ನಮ್ಮದು, ಹೊಲಿದವರು ಮಾತ್ರ ಬ್ಯಾರೆ" ಎಂದರು.

ಕೌದಿ ಹಂಚುವಾಗ ನನ್ನ ತಾಯಿಯ ಸೀರೆ ಇದ್ದದ್ದು ಒಬ್ಬ ಮೊಮೊ-ಲಾ, ಅಂದರೆ ಅಜ್ಜಿಯ ಕೈಗೆ ಹೋಯಿತು. ಗಡಿ ದಾಟುವಾಗ ಅವರು ಹತ್ತು ವರ್ಷದ ಹುಡುಗಿ. ಹಚ್ಚಡವನ್ನು ಮೊದಲು ಮೂಗಿನ ಹತ್ತಿರ ಹಿಡಿದು ಮೂಸಿದರು, ಆಮೇಲೆ ಸೆರಗಿನ ಕೆಂಪು ತೋಪುತೆನೆಯ ಮೇಲೆ ಉಗುರಿನಿಂದ ಗೀರಿ ನೋಡಿ ಏನೋ ಕೇಳಿದರು. ಅಲ್ಲಿನ ನರ್ಸ್ ಅದನ್ನು ಕನ್ನಡಕ್ಕೆ ತಂದರು: ಇದನ್ನು ಉಟ್ಟವರು ಇದ್ದಾರೆಯೇ? ಇಲ್ಲವೆಂದೆ. ಮನೆ ಬಿಡುವ ದಿನ ನನ್ನ ತಾಯಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲ ಚಿಲಕವನ್ನು ಬಿಚ್ಚಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ಹೇಳಿದೆ. ಅಜ್ಜಿ ತಮ್ಮ ಛುಪಾ ಅಂಗಿಯ ಎದೆಯ ಮಡಿಕೆಯಲ್ಲಿ ಕೈಹಾಕಿ ಮರದ ಒಂದು ಬಟ್ಟಲು ತೆಗೆದರು. ಅವರ ತಾಯಿ ಟಿಬೆಟ್ಟಿನಿಂದ ತಂದದ್ದು. ಎಪ್ಪತ್ತು ವರ್ಷ ತುಟಿ ತಾಗಿದ ಕಡೆ ಅಂಚು ಸವೆದು ಒಂದು ಕಡೆಗೆ ತಗ್ಗಾಗಿತ್ತು. ಒಳಗೆ ಬೆಣ್ಣೆಯ ಜಿಡ್ಡಿನಿಂದ ಮರ ಕಂದು ಬಣ್ಣದ ಗಾಜಿನಂತೆ ಹೊಳೆಯುತ್ತಿತ್ತು. ಅದೇ ಬಟ್ಟಲಿನಲ್ಲಿ ತ್ಸಂಪಾ ಕಲಸಿ ನನಗೊಂದು ಉಂಡೆ ಕೊಟ್ಟರು. ಹುರಿದ ಜವೆಗೋಧಿಯ ಹಿಟ್ಟು, ಉಪ್ಪು ಹಾಕಿದ ಬೆಣ್ಣೆಯ ಚಹಾ. ಬೆಲ್ಲವೊಂದಿಲ್ಲದಿದ್ದರೂ ನಮ್ಮ ಹುರಿಹಿಟ್ಟಿನ ಬಳಗ. ನಾವು ತಂದಿದ್ದ ಶೇಂಗಾ ಹೋಳಿಗೆಯನ್ನು ಅವರು ಅರ್ಧ ತಿಂದು, ಉಳಿದರ್ಧವನ್ನು ಬಟ್ಟಲಿನಲ್ಲಿಟ್ಟು ಎದೆಯ ಮಡಿಕೆಗೆ ಸೇರಿಸಿದರು.

ಮಧ್ಯಾಹ್ನ ಕ್ಯಾಂಪುಗಳಲ್ಲಿ ನಡೆದಾಡಿದೆವು. ಅಂಗಳಗಳಲ್ಲಿ ಗೋವಿನಜೋಳ ಒಣಗುತ್ತಿತ್ತು, ಹೊಲಗಳಲ್ಲಿ ಸುತ್ತಲ ಊರುಗಳ ಕನ್ನಡದ ಕೂಲಿಯವರಿದ್ದರು, ಬೀಗ ಹಾಕಿದ ಮನೆಗಳು ಮಾತ್ರ ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದವು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಕಾನೂನಿನ ಕಾಗದದಲ್ಲಿ ಇವರು ವಿದೇಶಿಯರು. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಆದರೂ ಅರ್ಜಿ ಹಾಕದೆ ಉಳಿದವರು ಇದ್ದಾರೆ. ಅವರನ್ನು ಕಂಡಾಗ, ಪರಿಹಾರದ ಕೇಸು ನಡೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯ ಹಿರಿಯರು ಕಾಗದಪತ್ರಗಳ ಪ್ಲಾಸ್ಟಿಕ್ ಚೀಲವನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದುದು ನೆನಪಾಯಿತು. ಊರು ಕಳೆದುಕೊಂಡವರಿಗೆ ಕಾಗದ ಎಂಬುದು ಎಷ್ಟು ದೊಡ್ಡದೆಂದು ಮುಳುಗಡೆಯವರಿಗೆ ಗೊತ್ತು.

ಸಂಜೆ ದ್ರೆಪುಂಗ್‌ನ ಅಂಗಳದಲ್ಲಿ ಶಾಸ್ತ್ರವಾದ ನಡೆದಿತ್ತು. ಕುಳಿತವನಿಗೆ ನಿಂತವನು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಉತ್ತರ ಕೇಳುತ್ತಾನೆ. ಲಡಾಖ್, ಸ್ಪಿತಿ, ತವಾಂಗದ ಗುಡ್ಡದೂರುಗಳ ಹುಡುಗರು ಅಲ್ಲಿದ್ದರು. ಮಂಜು ಬಿದ್ದರೆ ತಿಂಗಳುಗಟ್ಟಲೆ ದಾರಿ ಮುಚ್ಚುವ ಆ ಊರುಗಳ ಮಕ್ಕಳಿಗೆ ಊಟ, ಬಟ್ಟೆ, ಓದು ಎಲ್ಲವನ್ನೂ ಮಠವೇ ನೋಡಿಕೊಳ್ಳುತ್ತದೆ. ನಮ್ಮ ಕಡೆ ಬುದ್ಧನ ಗುರುತು ಇದೆಯೇ ಎಂದು ಗೆನ್-ಲಾ ಕೇಳಿದಾಗ ಐಹೊಳೆಯ ಮೇಗುತಿ ಗುಡ್ಡವನ್ನು ಹೇಳಿದೆ: ತುದಿಯಲ್ಲಿ 634ರ ರವಿಕೀರ್ತಿಯ ಶಾಸನದ ಜಿನಾಲಯ, ಅದಕ್ಕಿಂತ ತುಸು ಕೆಳಗೆ ಎರಡು ಅಂತಸ್ತಿನ ಬೌದ್ಧ ಗುಡಿ, ಛಾವಣಿಯಲ್ಲಿ ಬುದ್ಧನ ಮೂರ್ತಿ. ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದೊಯ್ದಿದ್ದೇನೆ. "ಹಂಗಾದ್ರ ನಾವು ಬಂದದ್ದು ಹೊಸಾ ಊರಿಗಲ್ಲ" ಎಂದು ಅವರು ಸಂತೋಷಪಟ್ಟರು.

ಮೂರನೆಯ ದಿನ

ಮಠದ ದವಾಖಾನೆಯ ಜೀಪು ಅಂದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನ ಒಂದು ಗೌಳಿ ದೊಡ್ಡಿಗೆ ಹೋಗುವುದಿತ್ತು. ನಮ್ಮ ಮರಳುವ ದಾರಿಯೂ ಅದೇ ಎಂದು ನಮ್ಮನ್ನೂ ಕೂಡಿಸಿಕೊಂಡರು. ನಿನ್ನೆಯ ನರ್ಸ್, ಒಬ್ಬ ಯುವ ವೈದ್ಯರು, ಜೀಪು ನಡೆಸುವ ಒಬ್ಬ ಭಿಕ್ಷು, ರಿಜಿಸ್ಟರ್ ಬರೆಯುವ ಇನ್ನೊಬ್ಬರು. ಯಲ್ಲಾಪುರ, ಹಳಿಯಾಳ, ಅಳ್ನಾವರ ದಾಟುವವರೆಗೆ ರಸ್ತೆ ಚೆನ್ನಾಗಿತ್ತು. ಡಾಂಬರು ಮುಗಿದು ಕೆಮ್ಮಣ್ಣಿನ ದಾರಿ ಹಿಡಿದ ಮೇಲೆ ತೋಳಿಗೆ ತೋಳು ಬಡಿಯುತ್ತ ಕುಳಿತೆವು. ಒಂದು ಹಳ್ಳದ ದಂಡೆಯಲ್ಲಿ ಗಾಲಿ ಪಂಕ್ಚರ್ ಆಯಿತು. ಜಾಕ್ ಇಟ್ಟರೆ ಮೆತ್ತನೆಯ ಮಣ್ಣಿನಲ್ಲಿ ಹೂತು ಹೋಗುತ್ತಿತ್ತು. ಎಮ್ಮೆ ಕಾಯುತ್ತಿದ್ದ ಹುಡುಗನೊಬ್ಬ ಒಂದೂ ಮಾತಾಡದೆ ಹಳ್ಳದಿಂದ ಅಗಲವಾದ ಹಾಸುಗಲ್ಲನ್ನು ಹೊತ್ತು ತಂದು ಜಾಕಿನ ಅಡಿಗೆ ಸರಿಸಿದ.

ದೊಡ್ಡಿಯಲ್ಲಿ ಇಪ್ಪತ್ತರಷ್ಟು ಮನೆಗಳು, ಬಿದಿರ ತಟ್ಟಿಯ ಗೋಡೆ, ಮನೆಗಿಂತ ದೊಡ್ಡ ಎಮ್ಮೆಯ ಕೊಟ್ಟಿಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹಾಲು ಹೊರಗೆ ಹೋಗುವುದಿಲ್ಲ, ಬಸುರಿಯರೂ ಹೋಗಲಾಗುವುದಿಲ್ಲ. ಮನೆಯಲ್ಲಿ ಮರಾಠಿ ಬೆರೆತ ಮಾತು. ನರ್ಸ್ ಅದರಲ್ಲೂ ನಾಲ್ಕು ಮಾತು ಕಲಿತಿದ್ದರು. ಕೆಲಸ ಶುರುವಾದ ಬಗೆ ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಸೆಗಣಿ ಸಾರಿಸಿದ ಅಂಗಳ ಏರುಪೇರಾಗಿದ್ದರಿಂದ ತೂಕದ ಯಂತ್ರದ ಮುಳ್ಳು ಸೊನ್ನೆಯಲ್ಲಿ ನಿಲ್ಲಲಿಲ್ಲ. ಭಿಕ್ಷು ಜಾಗ ಬದಲಿಸಿ, ಕಲ್ಲು ಹುಡುಕಿ, ಅದರಡಿ ಬೂದಿ ಹಾಕಿ ಸಮ ಮಾಡಿದರು. ನರ್ಸ್ ಮೂರು ಸಲ ತಾವೇ ಹತ್ತಿ ಇಳಿದು, ಮೂರೂ ಸಲ ಒಂದೇ ಅಂಕಿ ಬಂದ ಮೇಲೆ ಮೊದಲ ಮಗುವನ್ನು ಕರೆದರು. ಉಚಿತ ಶಿಬಿರಗಳಲ್ಲಿ ಫಲಕ ಕಟ್ಟಿ, ಫೋಟೊ ತೆಗೆದು, ಗುಳಿಗೆ ಹಂಚಿ ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ಎಚ್ಚರ ನೋಡಿರಲಿಲ್ಲ. ಹೋದ ಸಲ ಬರೆದ ತೂಕವನ್ನು ಅದೇ ರಿಜಿಸ್ಟರಿನಲ್ಲಿ ಹುಡುಕಿ, ಈ ಸಲದ್ದನ್ನು ಅದರ ಪಕ್ಕದಲ್ಲಿ ಬರೆಯುತ್ತಿದ್ದರು.

ಹೆಚ್ಚು ಹೊತ್ತು ಹೋದದ್ದು ಕೆಮ್ಮಿನ ವಿಚಾರಣೆಗೆ. ಎರಡು ವಾರ ಮೀರಿದ ಕೆಮ್ಮು ಯಾರಿಗಿದೆ ಎಂದು ನರ್ಸ್ ಮನೆ ಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಇದ್ದವರಿಗೆ ಮುಚ್ಚಳದ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಉಗುಳಲ್ಲದೆ ಎದೆಯಾಳದ ಕಫವನ್ನೇ ಹಾಕಬೇಕೆಂದು ಕೆಮ್ಮಿ ತೋರಿಸಿದರು. ಡಬ್ಬಿಗಳು ಸರಕಾರಿ ಆಸ್ಪತ್ರೆಗೆ ಹೋಗುತ್ತವೆ. ಕ್ಷಯದ ಗುಳಿಗೆ ಅಲ್ಲಿ ಪುಕ್ಕಟೆ. ಒಬ್ಬರು ಗುಳಿಗೆ ಶುರುಮಾಡಿ, ಮೈ ಹಗುರಾಯಿತೆಂದು ಎರಡು ತಿಂಗಳಿಗೆ ಬಿಟ್ಟಿದ್ದರು. ನರ್ಸ್ ಬೈಯಲಿಲ್ಲ. "ಅಣ್ಣಾರ, ನಮ್ಮಪ್ಪನೂ ಹಿಂಗ ಎರಡ ತಿಂಗಳಿಗೆ ಬಿಟ್ಟಿದ್ರು. ಮತ್ತ ಬಂತು, ಆಮ್ಯಾಲ ಉಳೀಲಿಲ್ಲ" ಎಂದು ಹೇಳಿ, ಅವರ ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಪಾಸಣೆಯ ದಿನದ ಸುತ್ತ ಕೆಂಪು ಗೆರೆ ಎಳೆದರು. ಬಕ್ಸಾದ ಕಥೆಯನ್ನು ನಿನ್ನೆ ಕೇಳದಿದ್ದರೆ ಆ ಕೆಂಪು ಗೆರೆಯ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತಿರಲಿಲ್ಲ.

ಮಧ್ಯಾಹ್ನ ದೊಡ್ಡಿಯವರು ದಪ್ಪ ಮಜ್ಜಿಗೆ, ಅಕ್ಕಿ ರೊಟ್ಟಿ ಕೊಟ್ಟರು. ದಾನಗಳಲ್ಲಿ ಮೂರು ಬಗೆ ಎಂದು ರಿಜಿಸ್ಟರಿನ ಭಿಕ್ಷು ಉಣ್ಣುತ್ತ ಹೇಳಿದರು: ವಸ್ತುವಿನ ದಾನ, ಧರ್ಮದ ದಾನ, ಅಭಯದ ದಾನ. ಇಲ್ಲಿ ಧರ್ಮ ಹೇಳುವುದಿಲ್ಲವೇ ಎಂದೆ. ಯಾರೂ ಕೇಳಿಲ್ಲವಲ್ಲ ಎಂದು ಉತ್ತರಿಸಿ, ಮಜ್ಜಿಗೆಯ ಲೋಟವನ್ನು ತಾವೇ ತೊಳೆದಿಟ್ಟರು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದ ಎಳೆಗೂಸನ್ನು ಎತ್ತಿಕೊಂಡ ನರ್ಸ್ ನನ್ನ ಕಡೆ ತಿರುಗಿ, "ಅಕ್ಕೋರ, ಮುಂದಿನ ಸಲ ಸಣ್ಣ ಕೌದಿ ಆಗ್ತಾವೇನ್ರಿ? ಎರಡೂವರಿ ಮೊಳ ಉದ್ದ ಇದ್ರ ಸಾಕು" ಎಂದು ಕೇಳಿದರು.

ನಂದಗಡದಲ್ಲಿ, ರಾಯಣ್ಣನನ್ನು ಗಲ್ಲಿಗೇರಿಸಿದ ಜಾಗಕ್ಕೆ ಕೈಮುಗಿದು, ಕತ್ತಲಾಗುವ ಹೊತ್ತಿಗೆ ಖಾನಾಪುರದಲ್ಲಿ ಇಳಿದೆವು. ಜೀಪು ರಾತ್ರಿಯೇ ಮುಂಡಗೋಡಕ್ಕೆ ಹೊರಟಿತು. ಬೆಳಗಾವಿಯ ಬಸ್ಸಿನಲ್ಲಿ ನೆಗೆಣ್ಣಿಯೂ ನಾನೂ ಹೆಚ್ಚು ಮಾತಾಡಲಿಲ್ಲ.

ನಾಲ್ಕನೆಯ ದಿನ

ಬೆಳಗಾವಿಯಲ್ಲಿ ಮಕ್ಕಳಿಗಾಗಿ ಕುಂದಾ ಕಟ್ಟಿಸಿಕೊಂಡು ಯರಗಟ್ಟಿ, ಲೋಕಾಪುರದ ಮೇಲಿಂದ ಮಧ್ಯಾಹ್ನಕ್ಕೆ ಬಾಗಲಕೋಟೆ ಸೇರಿದೆವು. ಲೋಕಾಪುರದಾಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಿಂದ ಒಂದು ತಾಸು ತಡವಾಯಿತು. ಕಾರ್ಖಾನೆಗಳ ಹಂಗಾಮಿನಲ್ಲಿ ಈ ದಾರಿ ಹಿಡಿಯುವವರು ಬೆಳಗಿನ ಜಾವವೇ ಹೊರಡುವುದು ಮೇಲು. ಸ್ವೆಟರಿನ ಅಕ್ಕ ತಾಡಪತ್ರಿ ಬಿಚ್ಚಿ ಉಳಿದ ಮಾಲನ್ನು ಮೂಟೆ ಕಟ್ಟುತ್ತಿದ್ದರು. ತಗಡಿನ ಡಬ್ಬಿಗೆ ಅರಿವೆ ಸುತ್ತಿ ಮೂಟೆಯ ನಡುವೆ ಇಟ್ಟದ್ದನ್ನು ಕಂಡೆ. ಮೊಮೊ-ಲಾ ಹೇಗಿದ್ದಾರೆಂದು ಕೇಳಿದರು; ಹೋಳಿಗೆಯ ಅರ್ಧವನ್ನು ಬಟ್ಟಲಿನಲ್ಲಿಟ್ಟುಕೊಂಡದ್ದನ್ನು ಹೇಳಿದಾಗ, ಅದು ಅಜ್ಜಿ ತಮ್ಮ ತಾಯಿಗಾಗಿ ಎತ್ತಿಡುವ ಪಾಲು, ದಿನಾ ಹಾಗೆ ಎತ್ತಿಡುತ್ತಾರೆ ಎಂದರು.

ರಾತ್ರಿ ಟ್ರಂಕು ತೆಗೆದೆ. ತಾಯಿಯ ಇನ್ನೊಂದು ಸೀರೆ, ಗಿಣಿಹಸಿರು ಒಡಲಿನದು, ಅದರ ಮಡಿಕೆಯಲ್ಲಿ ಆ ಚಿಲಕ. ಚಿಲಕವನ್ನು ಗೂಡಿನಲ್ಲಿಟ್ಟು, ಸೀರೆಯನ್ನು ನೆಲದ ಮೇಲೆ ಬಿಡಿಸಿ, ನಿದ್ದೆಗಣ್ಣಿನ ಮೊಮ್ಮಗನನ್ನು ಅದರ ಮೇಲೆ ಮಲಗಿಸಿ ಎರಡೂವರೆ ಮೊಳ ಅಳೆದೆ.